ನಾಲ್ಕು ಜಿಬಿಯ ಗೆರೆ

ಪೆನ್ ಡ್ರೈವಿನಲ್ಲಿ 29 ಜಿಬಿಗೂ ಹೆಚ್ಚು ಜಾಗ ಖಾಲಿಯಿತ್ತು, ಅದಕ್ಕೆ ಹಾಕಬೇಕಾಗಿದ್ದ ಫೈಲು 9.2 ಜಿಬಿಯದು, ಆದರೂ ಕಂಪ್ಯೂಟರು ನಕಲು ಮಾಡಲು ಒಪ್ಪಲಿಲ್ಲ. ಈ ಫೈಲ್ ಸಿಸ್ಟಮ್ಮಿಗೆ ಫೈಲು ತೀರಾ ದೊಡ್ಡದಾಯಿತು ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ತಮ್ಮ, “ಭಾವ, ಜಾಗ ಉಂಟಲ್ಲ, ಮತ್ತೆ ಯಾಕೆ ಹೋಗುದಿಲ್ಲ?” ಎಂದು ಕೇಳಿದ. ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಆ ಫೈಲಿನಲ್ಲಿದ್ದದ್ದು ಒಂದು ಇಡೀ ರಾತ್ರಿಯ ಯಕ್ಷಗಾನ. 2016ರ ಜನವರಿಯಲ್ಲಿ ಮಾವನ ಮನೆಯವರು ತಮ್ಮ ಗದ್ದೆಯಲ್ಲಿ ಹರಕೆಯ ಬಯಲಾಟ ಆಡಿಸಿದ್ದರು. ಕುವೈತ್, ದುಬೈಗಳಲ್ಲಿರುವ ನೆಂಟರಿಗೆ ಬರಲಾಗುವುದಿಲ್ಲವೆಂದು ಆಟವನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಒಂಬತ್ತೂವರೆಗೆ ಆರಂಭವಾದ ಆಟಕ್ಕೆ ಭಾಗವತರು ಮಂಗಳ ಹಾಡಿದ್ದು ಬೆಳಗಿನ ಆರಕ್ಕೆ, ಅಂದರೆ ಎಂಟೂವರೆ ಗಂಟೆ. ನನ್ನ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್‌ನಷ್ಟು, ಅಂದರೆ 30 ಲಕ್ಷ ಬೈಟುಗಳಷ್ಟು ಮಾಹಿತಿಯನ್ನು ಕಾರ್ಡಿಗೆ ಬರೆಯುತ್ತಿತ್ತು. ಲೆಕ್ಕ ಹಾಕಿದರೆ ಇಡೀ ರಾತ್ರಿಗೆ ಸುಮಾರು 92 ಜಿಬಿ ಆಗುತ್ತದೆ. 32 ಜಿಬಿಯ ಮೂರು ಕಾರ್ಡುಗಳನ್ನು ಒಂದರ ನಂತರ ಒಂದರಂತೆ ಬದಲಿಸಿದೆ.

ಮರುದಿನ ಕಾರ್ಡುಗಳನ್ನು ತೆರೆದು ನೋಡಿದಾಗ ಮೂರು ಫೈಲುಗಳ ಬದಲು 23 ತುಂಡುಗಳು ಕಂಡವು. ನಾನು ಎಲ್ಲಿಯೂ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಸುಮಾರು 24 ನಿಮಿಷಕ್ಕೊಮ್ಮೆ ಕ್ಯಾಮೆರಾ ತಾನಾಗಿಯೇ ಒಂದು ಫೈಲನ್ನು ಮುಚ್ಚಿ ಇನ್ನೊಂದನ್ನು ತೆರೆದಿತ್ತು, ಮತ್ತು ಪ್ರತಿ ಪೂರ್ಣ ತುಂಡೂ 4 ಜಿಬಿಗೆ ಒಂದಿಷ್ಟು ಕಡಿಮೆ ಇತ್ತು. ಎರಡನೆಯ ಕಾರ್ಡಿನ ಮೊದಲ ತುಂಡು ಮುಗಿಯುವುದಕ್ಕೂ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದ ರಂಗಸ್ಥಳದ ಕಡೆಗೆ ನುಗ್ಗುವುದಕ್ಕೂ ಸರಿಹೋಗಿತ್ತು. ತುಂಡುಗಳನ್ನು ಬಿಡಿಬಿಡಿಯಾಗಿ ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದಾಗ ಆ ಸಂಧಿಯಲ್ಲಿ ಚೆಂಡೆಯ ಒಂದು ಪೆಟ್ಟು ಕತ್ತರಿಸಿದಂತೆ ಕೇಳಿಸಿತು. ಆಟ ನೋಡಿದವರಿಗೆ ಆ ಕ್ಷಣದ ಬೆಲೆ ಗೊತ್ತಿರುತ್ತದೆ. ಪೆನ್ ಡ್ರೈವ್ ಫೈಲನ್ನು ನಿರಾಕರಿಸಿದ್ದೂ ಕ್ಯಾಮೆರಾ ಅಲ್ಲಿ ಕತ್ತರಿಸಿದ್ದೂ ಒಂದೇ ಕಾರಣಕ್ಕೆ: ಎರಡರಲ್ಲೂ ಇದ್ದದ್ದು ಫ್ಯಾಟ್32 ಎಂಬ ಫೈಲ್ ಸಿಸ್ಟಮ್.

ಡಿಸ್ಕ್ ಎನ್ನುವುದು ತಾನಾಗಿ ಸಾಲುಸಾಲಾಗಿ ಜೋಡಿಸಿದ ಖಾನೆಗಳು ಮಾತ್ರ. ಯಾವ ಖಾನೆಯಲ್ಲಿ ಯಾವ ಫೈಲಿನ ಯಾವ ಭಾಗವಿದೆ, ಅದರ ಹೆಸರೇನು, ಗಾತ್ರವೆಷ್ಟು, ಎಂದು ಬದಲಾಯಿತು ಎಂಬುದನ್ನೆಲ್ಲ ಬರೆದಿಡುವ ಲೆಕ್ಕದ ಪುಸ್ತಕವೇ ಫೈಲ್ ಸಿಸ್ಟಮ್. ಪುಸ್ತಕವೂ ಅದೇ ಡಿಸ್ಕಿನ ಮೇಲೆ ಇರುತ್ತದೆ, ಮತ್ತು ಅದರಲ್ಲಿ ಪ್ರತಿಯೊಂದು ವಿವರಕ್ಕೂ ಇಷ್ಟೇ ಜಾಗವೆಂದು ಮೊದಲೇ ಗೆರೆ ಹಾಕಿರುತ್ತಾರೆ. ಬ್ಯಾಂಕಿನ ಅರ್ಜಿಯಲ್ಲಿ ಮೊತ್ತ ಬರೆಯಲು ಐದೇ ಚೌಕಗಳಿದ್ದರೆ 99,999 ರೂಪಾಯಿಗಿಂತ ಹೆಚ್ಚಿನದನ್ನು ಅದರಲ್ಲಿ ಬರೆಯಲಾಗದು. ತಿಜೋರಿಯಲ್ಲಿ ಎಷ್ಟು ಜಾಗವಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಪೆನ್ ಡ್ರೈವಿನಲ್ಲಿ ಆದದ್ದು ಇಷ್ಟೇ.

ಫ್ಯಾಟ್ ಕುಟುಂಬದ ಫೈಲ್ ಸಿಸ್ಟಮ್‌ಗಳಲ್ಲಿ ಪ್ರತಿ ಫೈಲಿಗೂ ಪಟ್ಟಿಯಲ್ಲಿ 32 ಬೈಟುಗಳ ಒಂದು ನಮೂದು ಇರುತ್ತದೆ. ಅದರಲ್ಲಿ 11 ಬೈಟು ಹೆಸರಿಗೆ, ಅಂದರೆ ಎಂಟು ಅಕ್ಷರದ ಹೆಸರು ಮತ್ತು ಮೂರು ಅಕ್ಷರದ ಬಾಲ. ಒಂದು ಬೈಟು ಫೈಲಿನ ಗುಣಲಕ್ಷಣಕ್ಕೆ, ಕೆಲವು ದಿನಾಂಕ ಮತ್ತು ಸಮಯಕ್ಕೆ, ಕೆಲವು ಫೈಲು ಡಿಸ್ಕಿನ ಯಾವ ಭಾಗದಲ್ಲಿ ಆರಂಭವಾಗುತ್ತದೆ ಎಂಬುದಕ್ಕೆ. ಕಟ್ಟಕಡೆಯ 4 ಬೈಟುಗಳು ಫೈಲಿನ ಗಾತ್ರಕ್ಕೆ ಮೀಸಲು. ನಾಲ್ಕು ಬೈಟು ಎಂದರೆ 32 ಬಿಟ್. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಕಂಪ್ಯೂಟರಿನ ಲೆಕ್ಕದ 4 ಜಿಬಿಗೆ ಸರಿಯಾಗಿ ಒಂದು ಬೈಟು ಕಡಿಮೆ. ಫ್ಯಾಟ್32ರಲ್ಲಿ ಒಂದು ಫೈಲಿನ ಗಡಿ ಇದೇ. ಕಾರ್ಡು 32 ಜಿಬಿಯದಿರಲಿ, ಡಿಸ್ಕು 2 ಟಿಬಿಯದಿರಲಿ, ಆ ನಾಲ್ಕು ಬೈಟುಗಳು ಹಿಗ್ಗುವುದಿಲ್ಲ.

ಇಷ್ಟು ಕೇಳಿದವರು, ಅದನ್ನು ಮಾಡಿದವರಿಗೆ ದೂರದೃಷ್ಟಿ ಇರಲಿಲ್ಲವೇ ಎಂದು ಕೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಆ ಆರೋಪ ನ್ಯಾಯವಾದುದಲ್ಲ. 1981ರಲ್ಲಿ ಐಬಿಎಂ ಪಿಸಿಯ ಜೊತೆಗೆ ಬಂದ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕಾಲದಲ್ಲಿ ಈ ನಮೂದಿನ ರೂಪ ಗಟ್ಟಿಯಾಯಿತು. ಆಗ ಅದರ ಫ್ಲಾಪಿಯಲ್ಲಿ ಹಿಡಿಯುತ್ತಿದ್ದದ್ದು 160 ಕೆಬಿ, ಅಂದರೆ 1,63,840 ಬೈಟು. 4 ಜಿಬಿಯ ಒಂದು ಫೈಲನ್ನು ಇಡಬೇಕಾದರೆ ಅಂಥ 26,000ಕ್ಕೂ ಹೆಚ್ಚು ಫ್ಲಾಪಿಗಳು ಬೇಕಾಗುತ್ತಿದ್ದವು. ಎರಡು ವರ್ಷಗಳ ನಂತರ ಬಂದ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕಿನಲ್ಲೂ ಇದ್ದದ್ದು 10 ಎಂಬಿ ಮಾತ್ರ. ಅಂಥ ಕಾಲದಲ್ಲಿ ಗಾತ್ರಕ್ಕೆಂದು ನಾಲ್ಕು ಬೈಟು ಬಿಟ್ಟದ್ದು ಧಾರಾಳತನವೇ. ಅದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸಾಲಿತು ಎಂಬುದನ್ನೂ ನೆನಪಿಡಬೇಕು.

ಬದಲಿಸುವ ಒಂದು ಅವಕಾಶ 1996ರಲ್ಲಿ ಬಂದಿತ್ತು, ಫ್ಯಾಟ್32 ಹುಟ್ಟಿದ ವರ್ಷ. ವಿಂಡೋಸ್ 95ರ ಎರಡನೆಯ ಪರಿಷ್ಕೃತ ಆವೃತ್ತಿಯ ಜೊತೆ ಬಂದ ಅದು ಬಿಡಿಸಬೇಕಾಗಿದ್ದ ತೊಡಕೇ ಬೇರೆ. ಅದಕ್ಕೂ ಹಿಂದಿನ ಫ್ಯಾಟ್16ರಲ್ಲಿ ಡಿಸ್ಕನ್ನು ಕ್ಲಸ್ಟರ್ ಎಂಬ ಹಿಡಿಗಳಾಗಿ ವಿಂಗಡಿಸಿ ಅವಕ್ಕೆ 16 ಬಿಟ್‌ಗಳಲ್ಲಿ ಸಂಖ್ಯೆ ಕೊಡುತ್ತಿದ್ದರಿಂದ 65 ಸಾವಿರ ಚಿಲ್ಲರೆ ಕ್ಲಸ್ಟರುಗಳಿಗಿಂತ ಹೆಚ್ಚು ಸಾಧ್ಯವಿರಲಿಲ್ಲ. ಒಂದೊಂದನ್ನೂ 32 ಕೆಬಿಯಷ್ಟು ದೊಡ್ಡದು ಮಾಡಿದರೂ ಇಡೀ ಡಿಸ್ಕು 2 ಜಿಬಿಗೆ ನಿಲ್ಲುತ್ತಿತ್ತು. ಮಾರುಕಟ್ಟೆಯ ಡಿಸ್ಕುಗಳು ಆ ಗಡಿಯನ್ನು ದಾಟುವ ಹೊತ್ತು ಅದು. ಆದ್ದರಿಂದ ಕ್ಲಸ್ಟರ್ ಸಂಖ್ಯೆಗೆ ಹೆಚ್ಚು ಬಿಟ್‌ಗಳನ್ನು ಕೊಟ್ಟರು. ಹೆಸರಿನಲ್ಲಿ 32 ಇದ್ದರೂ ಅದರಲ್ಲಿ ಬಳಕೆಯಾಗುವುದು 28 ಬಿಟ್. 32 ಬೈಟುಗಳ ಆ ನಮೂದಿನಲ್ಲಿ ಮೊದಲು ಖಾಲಿ ಬಿಟ್ಟಿದ್ದ ಹತ್ತು ಬೈಟುಗಳು ಫೈಲು ಹುಟ್ಟಿದ ದಿನಾಂಕ, ಕೊನೆಯದಾಗಿ ತೆರೆದ ದಿನಾಂಕ, ಕ್ಲಸ್ಟರ್ ಸಂಖ್ಯೆಯ ಮೇಲರ್ಧ ಇತ್ಯಾದಿಗಳಿಗೆ ಖರ್ಚಾಗಿ ಹೋದವು. ಗಾತ್ರದ ನಾಲ್ಕು ಬೈಟುಗಳು ಇದ್ದ ಹಾಗೆಯೇ ಉಳಿದವು. ಇಡೀ ಡಿಸ್ಕೇ 2 ಜಿಬಿ ಇದ್ದ ದಿನಗಳಲ್ಲಿ ಒಂದೇ ಫೈಲು 4 ಜಿಬಿ ದಾಟೀತೆಂಬ ಚಿಂತೆ ಯಾರಿಗೂ ಅವಸರದ್ದಾಗಿ ಕಾಣಲಿಲ್ಲ.

ಕಾಣಲು ಬಹಳ ಕಾಲ ಹಿಡಿಯಲಿಲ್ಲ. 4.7 ಜಿಬಿಯ ಡಿವಿಡಿಯನ್ನು ಹಾಗೆಯೇ ಒಂದು ಇಮೇಜ್ ಫೈಲಾಗಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾಗಿ, ಇಟ್ಟುಕೊಳ್ಳಲು ಹೋದವರು ಮೊದಲು ಎಡವಿದರು. ಡಿವಿಡಿಯ ಒಳಗಿನ ಚಲನಚಿತ್ರವನ್ನು ಮಾತ್ರ ಮೊದಲೇ 1 ಜಿಬಿ ಮೀರದ ವಿಒಬಿ ತುಂಡುಗಳಾಗಿ ಮಾಡಿಡುವ ಏರ್ಪಾಡು ಇದ್ದುದರಿಂದ ಅದನ್ನು ನಕಲು ಮಾಡುವವರಿಗೆ ಈ ತೊಂದರೆ ತಟ್ಟಲಿಲ್ಲ. ಇಂದಿಗೂ ಈ ಗೆರೆ ಎದುರಾಗುವ ಇನ್ನೊಂದು ಜಾಗವೆಂದರೆ ವಿಂಡೋಸ್ ಅಳವಡಿಸಲು ಮಾಡುವ ಪೆನ್ ಡ್ರೈವ್. ಈಗಿನ ಕಂಪ್ಯೂಟರುಗಳನ್ನು ಶುರುಮಾಡುವ ಯುಇಎಫ್‌ಐ ಎಂಬ ಒಳತಂತ್ರಾಂಶ ಖಚಿತವಾಗಿ ಓದಬಲ್ಲದ್ದು ಫ್ಯಾಟ್ ಕುಟುಂಬವನ್ನು. ಆದರೆ ವಿಂಡೋಸಿನ ಮುಖ್ಯ ಇಮೇಜ್ ಫೈಲಾದ ‘ಇನ್‌ಸ್ಟಾಲ್ ಡಾಟ್ ವಿಮ್’ ಹಲವು ಬಾರಿ 4 ಜಿಬಿ ಮೀರಿರುತ್ತದೆ. ಹಾಗಾಗಿ ಅದನ್ನು ಡಿಸ್ಮ್ ಎಂಬ ಉಪಕರಣದಿಂದ ಎರಡು ತುಂಡು ಮಾಡಿ ಹಾಕಬೇಕಾಗುತ್ತದೆ.

ಇಲ್ಲಿ ಎರಡು ಗೊಂದಲಗಳನ್ನು ಬಿಡಿಸುವುದು ಒಳ್ಳೆಯದು. ಫ್ಯಾಟ್32 ಎಂದರೆ 32 ಜಿಬಿಯೇ ಗರಿಷ್ಠ ಎಂದು ಅನೇಕರು ನಂಬಿದ್ದಾರೆ. ಅದು ವಿಂಡೋಸಿನ ಫಾರ್ಮ್ಯಾಟ್ ಉಪಕರಣ ಹಾಕಿಕೊಂಡಿದ್ದ ಮಿತಿಯೇ ಹೊರತು ಫೈಲ್ ಸಿಸ್ಟಮ್ಮಿನದಲ್ಲ. ಸಾಮಾನ್ಯ 512 ಬೈಟಿನ ಸೆಕ್ಟರುಗಳಿರುವ ಡಿಸ್ಕಿನಲ್ಲಿ ಫ್ಯಾಟ್32 2 ಟಿಬಿಯವರೆಗೆ ಹೋಗಬಲ್ಲುದು. ಎರಡನೆಯದಾಗಿ, ಕೆಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ವಿಡಿಯೊ ನಿಲ್ಲಿಸುತ್ತಿದ್ದದ್ದಕ್ಕೂ ಈ 4 ಜಿಬಿಗೂ ನಂಟಿಲ್ಲ. ಅದು ಮೂವತ್ತು ನಿಮಿಷ ಚಿತ್ರಿಸಬಲ್ಲ ಯಂತ್ರವನ್ನು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸುತ್ತಿದ್ದ ಯುರೋಪಿನ ಸುಂಕದ ನಿಯಮದಿಂದ ಬಂದದ್ದು.

ವಿಂಡೋಸಿನಂತೆಯೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸಿನ ಕಡೆಗೆ ಬಂದರೆ ಮಿತಿಯ ಕಥೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಅಲ್ಲಿ ಗಡಿ ಒಂದು ಚೌಕದಿಂದ ಬರುವುದಿಲ್ಲ, ಲೆಕ್ಕ ಇಡುವ ರೀತಿಯಿಂದ ಬರುತ್ತದೆ. 1993ರಲ್ಲಿ ರೆಮಿ ಕಾರ್ಡ್ ಮತ್ತಿತರರು ರೂಪಿಸಿದ ಇಎಕ್ಸ್‌ಟಿ2 ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆಯಿದ್ದು, ಅದರಲ್ಲಿ ಡಿಸ್ಕಿನ ಬ್ಲಾಕುಗಳ ವಿಳಾಸ ಬರೆಯಲು 15 ಮನೆಗಳಿರುತ್ತವೆ. ಮೊದಲ 12 ಮನೆಗಳಲ್ಲಿ ನೇರವಾಗಿ ಫೈಲಿನ ಬ್ಲಾಕುಗಳ ವಿಳಾಸ. ಹದಿಮೂರನೆಯದರಲ್ಲಿರುವುದು, ವಿಳಾಸಗಳನ್ನೇ ತುಂಬಿಟ್ಟ ಒಂದು ಬ್ಲಾಕಿನ ವಿಳಾಸ. ಹದಿನಾಲ್ಕನೆಯದು ಅಂಥ ಪಟ್ಟಿಗಳ ಪಟ್ಟಿಯನ್ನು ತೋರಿಸುತ್ತದೆ, ಹದಿನೈದನೆಯದು ಪಟ್ಟಿಗಳ ಪಟ್ಟಿಯ ಪಟ್ಟಿಯನ್ನು. ಬ್ಲಾಕು 1 ಕೆಬಿಯದಾದರೆ ಒಂದೊಂದರಲ್ಲಿ 256 ವಿಳಾಸ ಹಿಡಿಯುತ್ತವೆ. 12ಕ್ಕೆ 256 ಸೇರಿಸಿ, 256ರ ವರ್ಗ ಸೇರಿಸಿ, ಘನ ಸೇರಿಸಿದರೆ 1,68,43,020 ಬ್ಲಾಕು, ಅಂದರೆ 16 ಜಿಬಿಗೆ ಸ್ವಲ್ಪ ಮೇಲೆ. ಬ್ಲಾಕನ್ನು 4 ಕೆಬಿ ಮಾಡಿದರೆ ಇದೇ ಲೆಕ್ಕ 4 ಟಿಬಿ ದಾಟುತ್ತದೆ. ಆದರೆ ಫೈಲು ಎಷ್ಟು ಜಾಗ ಹಿಡಿದಿದೆ ಎಂದು 512 ಬೈಟಿನ ಅಳತೆಯಲ್ಲಿ ಎಣಿಸುವ ಇನ್ನೊಂದು 32 ಬಿಟ್‌ನ ಚೌಕ ಅದೇ ಐನೋಡಿನಲ್ಲಿದ್ದುದರಿಂದ 2 ಟಿಬಿಗೆ ಅದು ತುಂಬಿ ಹೋಗುತ್ತದೆ. ಒಂದು ಬಾಗಿಲು ಎತ್ತರವಾಗಿದ್ದರೂ ಮುಂದಿನದು ತಗ್ಗಾಗಿದ್ದರೆ ಬಗ್ಗಲೇಬೇಕು.

ಅದಕ್ಕೂ ತಗ್ಗಾದ ಬಾಗಿಲು ಬಹುಕಾಲ ಪ್ರೋಗ್ರಾಮುಗಳಲ್ಲೇ ಇತ್ತು. 32 ಬಿಟ್‌ನ ಯುನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಫೈಲಿನೊಳಗೆ ಈಗ ಎಲ್ಲಿದ್ದೇವೆ ಎಂದು ಹೇಳುವ ಸಂಖ್ಯೆಗೆ ಧನ ಋಣ ಎರಡೂ ಸಾಧ್ಯವಿರಬೇಕಾಗಿದ್ದರಿಂದ ಒಂದು ಬಿಟ್ ಚಿಹ್ನೆಗೆ ಹೋಗಿ 31 ಉಳಿಯುತ್ತಿತ್ತು, ಹಾಗಾಗಿ ಮಿತಿ 2 ಜಿಬಿ. 1990ರ ದಶಕದ ನಡುವೆ ಯುನಿಕ್ಸ್ ತಯಾರಕರು ಒಟ್ಟು ಸೇರಿ ಈ ಸಂಖ್ಯೆಯನ್ನು 64 ಬಿಟ್‌ಗೆ ಹಿಗ್ಗಿಸುವ ಸಮಾನ ವಿಧಾನವನ್ನು ಒಪ್ಪಿಕೊಂಡರು. 2001ರಲ್ಲಿ ಬಂದ 2.4ನೆಯ ಲಿನಕ್ಸ್ ಕರ್ನೆಲ್, ಅಂದರೆ ಆ ವ್ಯವಸ್ಥೆಯ ತಿರುಳು, ಅದನ್ನು ಅಳವಡಿಸಿಕೊಂಡಿತ್ತು. ಆಮೇಲೂ ಹಳೆಯ ರೀತಿಯಲ್ಲಿ ಕಂಪೈಲ್ ಆದ ಪ್ರೋಗ್ರಾಮುಗಳು ದೊಡ್ಡ ಡಿಸ್ಕಿನ ಮೇಲೆ 2 ಜಿಬಿಗೆ ಬಂದು ಕೈಚೆಲ್ಲುತ್ತಿದ್ದವು.

ಇಂದಿನ ಫೈಲ್ ಸಿಸ್ಟಮ್‌ಗಳಲ್ಲಿ ಮಿತಿ ಎಷ್ಟು ದೂರ ಸರಿದಿದೆ ಎಂಬುದನ್ನು ನಮ್ಮ ಆಟದ ಅಳತೆಯಲ್ಲೇ ನೋಡಬಹುದು. 2008ರಲ್ಲಿ ಸ್ಥಿರಗೊಂಡ ಇಎಕ್ಸ್‌ಟಿ4ರಲ್ಲಿ, 4 ಕೆಬಿ ಬ್ಲಾಕಿನೊಂದಿಗೆ, ಒಂದು ಫೈಲು 16 ಟಿಬಿಯವರೆಗೆ ಬೆಳೆಯಬಹುದು. ನನ್ನ ಕ್ಯಾಮೆರಾದ ವೇಗದಲ್ಲಿ ಅದು ಸುಮಾರು 190 ರಾತ್ರಿಗಳ ಆಟ. ನವೆಂಬರಿನಲ್ಲಿ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಒಂದು ಮೇಳದ ಇಡೀ ವರ್ಷದ ತಿರುಗಾಟ ಒಂದೇ ಫೈಲಿನಲ್ಲಿ ಕೂರುತ್ತದೆ. 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದ ಎನ್‌ಟಿಎಫ್‌ಎಸ್ ಹುಟ್ಟುವಾಗಲೇ ಗಾತ್ರಕ್ಕೆ 64 ಬಿಟ್ ಇಟ್ಟುಕೊಂಡಿತ್ತಾದರೂ, ಅದನ್ನು ನಡೆಸುವ ವಿಂಡೋಸ್ ಕ್ಲಸ್ಟರುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತಿದ್ದರಿಂದ 4 ಕೆಬಿ ಕ್ಲಸ್ಟರಿನಲ್ಲಿ ಅಲ್ಲಿಯೂ ಮಿತಿ ಅದೇ 16 ಟಿಬಿ. ಕ್ಲಸ್ಟರನ್ನು 64 ಕೆಬಿ ಮಾಡಿದರೆ 256 ಟಿಬಿ. ಎಕ್ಸ್‌ಎಫ್‌ಎಸ್, ಝಡ್‌ಎಫ್‌ಎಸ್, ಆಪಲ್‌ನ ಎಪಿಎಫ್‌ಎಸ್ ಇವುಗಳಲ್ಲಿ ಗಡಿ 8 ಅಥವಾ 16 ಎಕ್ಸಾಬೈಟಿನಷ್ಟು (ಒಂದು ಎಕ್ಸಾಬೈಟೆಂದರೆ ಸುಮಾರು ಹತ್ತು ಲಕ್ಷ ಟಿಬಿ) ದೂರ. 64 ಬಿಟ್‌ನ ಪೂರ್ಣ ಸಂಖ್ಯೆಯನ್ನು ನನ್ನ ಕ್ಯಾಮೆರಾ ತುಂಬಬೇಕಾದರೆ ಅದು ಬಿಡುವಿಲ್ಲದೆ 1 ಲಕ್ಷ 94 ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಓಡಬೇಕು.

ಹಾಗಿದ್ದರೆ ಫ್ಯಾಟ್32 ಏಕೆ ಉಳಿಯಿತು? ಟಿವಿ, ಕಾರಿನ ಸ್ಟೀರಿಯೊ, ಕ್ಯಾಮೆರಾ, ಪ್ರಿಂಟರು, ಹಳೆಯ ಡಿವಿಡಿ ಪ್ಲೇಯರು ಎಲ್ಲಕ್ಕೂ ಓದಲು ಬರುತ್ತಿದ್ದದ್ದು ಅದೊಂದೇ. ಎಸ್‌ಡಿ ಕಾರ್ಡಿನ ಮಾನದಂಡವೂ 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳಿಗೆ ಫ್ಯಾಟ್32 ಅನ್ನೇ ವಿಧಿಸಿತು. ಅದಕ್ಕಿಂತ ದೊಡ್ಡದಾದ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ 2009ರಲ್ಲಿ ಆರಿಸಿಕೊಂಡದ್ದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ 2006ರಲ್ಲಿ ತಂದ ಇದರಲ್ಲಿ ಗಾತ್ರದ ಚೌಕ 64 ಬಿಟ್‌ನದು, ಆದ್ದರಿಂದ 4 ಜಿಬಿಯ ಗೆರೆ ಅಳಿದುಹೋಗುತ್ತದೆ. ಆದರೆ ಎಕ್ಸ್‌ಫ್ಯಾಟನ್ನು ಬಳಸುವ ಯಂತ್ರ ತಯಾರಕರು ಪರವಾನಗಿ ಪಡೆಯಬೇಕಾಗಿತ್ತು. 2019ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿತು, ಅದೇ ವರ್ಷದ ಕೊನೆಗೆ ಲಿನಕ್ಸ್ ಕರ್ನೆಲ್ 5.4ರಲ್ಲಿ ಅದಕ್ಕೆ ಬೆಂಬಲ ಸೇರಿತು. ಇದು ಹತ್ತು ವರ್ಷ ಮೊದಲೇ ಆಗಿದ್ದರೆ ಮನೆಮನೆಗಳಲ್ಲಿ ಎಷ್ಟೋ ರೆಕಾರ್ಡಿಂಗ್‌ಗಳು ತುಂಡಾಗದೆ ಉಳಿಯುತ್ತಿದ್ದವು ಎಂದು ನನಗೆ ಬಲವಾಗಿ ಅನಿಸುತ್ತದೆ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4ಗಳಲ್ಲಿರುವಂತೆ ಬರವಣಿಗೆಯ ನಡುವೆ ವಿದ್ಯುತ್ ಹೋದರೆ ಲೆಕ್ಕವನ್ನು ಸರಿಪಡಿಸಿಕೊಳ್ಳುವ ಜರ್ನಲ್ ಎಕ್ಸ್‌ಫ್ಯಾಟ್‌ನಲ್ಲಿ ಇಲ್ಲ. ಆದ್ದರಿಂದ ದೊಡ್ಡ ಫೈಲು ಬರೆಯುತ್ತಿರುವಾಗ ಪೆನ್ ಡ್ರೈವನ್ನು ಕಿತ್ತುಕೊಳ್ಳಬಾರದು, ಕ್ಯಾಮೆರಾದ ಕರೆಂಟು ಹೋಗದಂತೆ ನೋಡಿಕೊಳ್ಳಬೇಕು.

ಫೈಲ್ ಸಿಸ್ಟಮ್ ಬದಲಿಸಿದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲ ಎಂಬುದನ್ನು ನಾನು ಆ ರಾತ್ರಿಯ ಧ್ವನಿಯಿಂದ ಕಲಿತೆ. ಭಾಗವತರ ಪದ್ಯ, ಚೆಂಡೆ, ಮದ್ದಳೆ ಸ್ವಚ್ಛವಾಗಿ ಸಿಗಲೆಂದು ಮೈಕಿನವರ ಮಿಕ್ಸರಿನಿಂದ ನೇರವಾಗಿ ಲ್ಯಾಪ್‌ಟಾಪಿಗೆ ವೇವ್ ಎಂಬ ಧ್ವನಿ ಫೈಲಿನ ರೂಪದಲ್ಲಿ ತೆಗೆದುಕೊಂಡಿದ್ದೆ. ಲ್ಯಾಪ್‌ಟಾಪಿನ ಡಿಸ್ಕು ಇಎಕ್ಸ್‌ಟಿ4, ಅಲ್ಲಿ 4 ಜಿಬಿಯ ಭಯವಿರಲಿಲ್ಲ. ಆದರೆ ವೇವ್ ಫೈಲಿನ ತಲೆಯಲ್ಲೇ ಅದರ ಉದ್ದ ಬರೆಯಲು ಇರುವುದು ನಾಲ್ಕು ಬೈಟು. 48 ಕಿಲೊಹರ್ಟ್ಸ್, 24 ಬಿಟ್, ಎರಡು ಚಾನೆಲ್ ಎಂದರೆ ಸೆಕೆಂಡಿಗೆ 2,88,000 ಬೈಟು, ಹಾಗಾಗಿ ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಆ ಲೆಕ್ಕ ತುಂಬುತ್ತದೆ. ಪುಣ್ಯಕ್ಕೆ ನನ್ನ ತಂತ್ರಾಂಶ ಅದನ್ನು ತಿಳಿದು ಹೊಸ ಫೈಲು ತೆರೆಯುತ್ತಿತ್ತು. ಹಳೆಯ ಜಿಪ್ ಫೈಲುಗಳಿಗೂ ಇದೇ 4 ಜಿಬಿಯ ಮಿತಿಯಿತ್ತು, 2001ರಲ್ಲಿ ಬಂದ ಜಿಪ್64 ಅದನ್ನು ತೆಗೆದುಹಾಕಿತು. ವೇವ್‌ಗೂ ಆರ್‌ಎಫ್64 ಎಂಬ ವಿಸ್ತೃತ ರೂಪವಿದೆ. ಉದ್ದದ ಧ್ವನಿಮುದ್ರಣ ಮಾಡುವವರು ಅದನ್ನು ಆರಿಸಿಕೊಳ್ಳುವುದು ಲೇಸು.

ಕತ್ತರಿಸಿಹೋಗಿದ್ದ ಚೆಂಡೆಯ ಪೆಟ್ಟು ನಿಜವಾಗಿ ಕಳೆದುಹೋಗಿರಲಿಲ್ಲ. ಆ ಕ್ಯಾಮೆರಾ ಬರೆಯುತ್ತಿದ್ದ ಎಂಟಿಎಸ್ ತುಂಡುಗಳು ಒಂದೇ ನಿರಂತರ ಹರಿವಿನ ಭಾಗಗಳು. ಬಿಡಿಬಿಡಿಯಾಗಿ ತೆರೆದಾಗ ಸಂಧಿಯಲ್ಲಿ ಧ್ವನಿ ಮುರಿಯುತ್ತದೆ, ಬೈಟಿಗೆ ಬೈಟು ಜೋಡಿಸಿದರೆ ಸರಿಯಾಗುತ್ತದೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಕಾಪಿ ಆದೇಶಕ್ಕೆ ‘ಸ್ಲ್ಯಾಶ್ ಬಿ’ ಸೇರಿಸಿ ತುಂಡುಗಳ ಹೆಸರುಗಳನ್ನು ಕ್ರಮವಾಗಿ ಪ್ಲಸ್ ಚಿಹ್ನೆಯಿಂದ ಜೋಡಿಸಿದರೆ ಸಾಕು. ಎಂಪಿ4 ತುಂಡುಗಳಿಗೆ ಇದು ನಡೆಯದು, ಏಕೆಂದರೆ ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸೂಚಿ ಇರುತ್ತದೆ. ಎನ್‌ಟಿಎಫ್‌ಎಸ್ ಡಿಸ್ಕಿನ ಮೇಲೆ ಒಂದೊಂದು ಕಾರ್ಡಿನ ತುಂಡುಗಳನ್ನು ಸೇರಿಸಿ ಕೇಳಿದಾಗ ಮಹಿಷಾಸುರನ ಪ್ರವೇಶದ ಚೆಂಡೆ ಎಲ್ಲಿಯೂ ತಡವರಿಸಲಿಲ್ಲ. ಆ ಮೂಲಪ್ರತಿಯನ್ನು ಹಾಗೆಯೇ ಇಟ್ಟುಕೊಂಡು, ಮನೆಯವರು ನೋಡಲೆಂದು ಕುಗ್ಗಿಸಿ ಮಾಡಿದ ಪ್ರತಿಯೇ ಆರಂಭದಲ್ಲಿ ಹೇಳಿದ 9.2 ಜಿಬಿಯದು.

ಪೆನ್ ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿ ಫೈಲು ಹಾಕಿದಾಗ ನೆಂಟರ ಲ್ಯಾಪ್‌ಟಾಪುಗಳಲ್ಲಿ ಅದು ತೆರೆಯಿತು. ಮಾವನ ಮನೆಯ ಟಿವಿ ಮಾತ್ರ ಆ ಪೆನ್ ಡ್ರೈವನ್ನು ಗುರುತಿಸಲೇ ಇಲ್ಲ, ಎನ್‌ಟಿಎಫ್‌ಎಸ್ ಮಾಡಿದರೂ ಅದೇ ಪಾಡು. ಮಾವನಿಗೆ ಕಂಪ್ಯೂಟರಿನ ಮುಂದೆ ಕುಳಿತು ಆಟ ನೋಡುವ ಅಭ್ಯಾಸವಿಲ್ಲ. ಕೊನೆಗೆ ಅವರಿಗೆಂದು ಪೆನ್ ಡ್ರೈವನ್ನು ಮತ್ತೆ ಫ್ಯಾಟ್32ಕ್ಕೆ ತಂದು ಫೈಲನ್ನು ಮೂರು ಭಾಗ ಮಾಡಲು ಕುಳಿತೆವು. ಎಲ್ಲಿ ಕತ್ತರಿಸಬೇಕೆಂದು ಹೇಳಿದ್ದು ಹೆಂಡತಿಯ ತಮ್ಮ. ಅವನಿಗೆ ಆ ಪ್ರಸಂಗದ ನಡೆ ಚೆನ್ನಾಗಿ ಗೊತ್ತು. ಭಾಗವತರು ಒಂದು ಸನ್ನಿವೇಶ ಮುಗಿಸಿ ರಂಗಸ್ಥಳ ಒಂದು ಕ್ಷಣ ಬರಿದಾಗುವ ಎರಡು ಜಾಗಗಳನ್ನು ಅವನು ಗುರುತು ಮಾಡಿಕೊಟ್ಟ. ಭಾಗಗಳು 3.6, 2.9 ಮತ್ತು 2.7 ಜಿಬಿ ಆದವು. ಎರಡನೆಯ ಫೈಲು ಕತ್ತಲೆಯಲ್ಲಿ ದೊಂದಿ ಹೊತ್ತಿಸುವಲ್ಲಿಂದ ಆರಂಭವಾಗುತ್ತದೆ. ಮಾವ ಸಾಮಾನ್ಯವಾಗಿ ಅದನ್ನೇ ಮೊದಲು ಹಾಕುತ್ತಾರೆ.